ನಾಡಿ ಇಳಿಯುವವರೆಗೆ

ಅಥವಾ ಸ್ಕೂಟರಿನಲ್ಲೇ ಹೋಗಿದ್ದೆನೇನೋ. ಸೀಟು ಮಂಜಿಗೆ ಒದ್ದೆಯಾಗಿತ್ತು, ಕೂತ ತಕ್ಷಣ ತೊಡೆಗೆ ತಣ್ಣಗೆ ತಗುಲಿತು, ಆ ತಣುಪು ಈಗಲೂ ನೆನಪಿದೆ. ಆದರೆ ನಮ್ಮ ಓಟದ ಗುಂಪಿನಲ್ಲಿ ಯಾರನ್ನು ಕೇಳಿದರೂ ನಾನು ಶೆಟ್ಟಿಹಳ್ಳಿಯಿಂದ ಹಾಸನದ ಆಸ್ಪತ್ರೆಯವರೆಗೆ ಎಲ್ಲೂ ನಿಲ್ಲದೆ ಓಡಿದೆ ಅನ್ನುತ್ತಾರೆ. ಹಾಗೆ ಹೇಳುವವರು ಯಾರೂ ಆ ದಿನ ಅಲ್ಲಿರಲಿಲ್ಲ. ಇದ್ದವರು ನಮ್ಮ ಪಿಟಿ ಮೇಷ್ಟ್ರು ಒಬ್ಬರೇ. ಸ್ಕೂಟರು ಅವರದೇ. ಅವರೂ ನಾನು ಓಡಿದೆ ಎಂದೇ ಹೇಳುತ್ತಾರೆ. ಬೇರೆ ಯಾವತ್ತೋ ಕೂತ ಒದ್ದೆ ಸೀಟನ್ನು ನಾನು ಆ ಬೆಳಿಗ್ಗೆಗೆ ತಂದು ಅಂಟಿಸಿಕೊಂಡಿರಬಹುದು. ಇಲ್ಲವೇ ಅರ್ಧ ದಾರಿ ಸ್ಕೂಟರು, ಊರು ಹತ್ತಿರವಾದ ಮೇಲೆ ಇಳಿದು ಓಟ. ಇದೇ ಹೆಚ್ಚು ನಂಬುವ ಹಾಗಿದೆ. ನಂಬುವ ಹಾಗಿದೆ ಎನ್ನುವ ಕಾರಣಕ್ಕೇ ನನಗೆ ಇದರ ಮೇಲೂ ಅನುಮಾನ.

ಅನುಮಾನವಿಲ್ಲದ್ದು ಇಷ್ಟು. ಅರಕಲಗೂಡಿನ ಕಡೆಯ ಒಬ್ಬ ಹೆಂಗಸಿಗೆ ಹೆರಿಗೆಯಾಗಿತ್ತು, ರಕ್ತ ಹೋಗುವುದು ನಿಂತಿರಲಿಲ್ಲ. ಅವಳದು ಓ ನೆಗೆಟಿವ್. ನನ್ನದೂ ಅದೇ.

ನಮ್ಮ ಓಟದ ಗುಂಪು ಶುರುವಾದದ್ದು ಹೊಟ್ಟೆ ಕರಗಿಸಲಿಕ್ಕೆ. ಹಾಸನದಲ್ಲಿ ಹತ್ತಾರು ಮಂದಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಇನ್ನಷ್ಟು ಮಂದಿ. ಬ್ಯಾಂಕಿನವರು, ಬೇಕರಿಯವರು, ಟೈಲರು, ಸ್ಕೂಲ್ ಟೀಚರು. ಮೇಷ್ಟ್ರು ರಿಟೈರ್ ಆದ ಮೇಲೆ ಇದಕ್ಕೇ ನಿಂತುಬಿಟ್ಟರು. "ಸುಮ್ನೆ ಬೆವರು ಸುರಿಸಿ ಮನೇಗೋಗಿ ಮಸಾಲೆದೋಸೆ ತಿನ್ನೋದಕ್ಕೆ ನೀವೆಲ್ಲ ಬೇಕಾ? ಯಾರ್ಗಾದ್ರೂ ಉಪಯೋಗ ಆಗ್ರಿ" ಎಂದು ಎಲ್ಲರ ರಕ್ತದ ಗುಂಪು ಕೇಳಿಟ್ಟುಕೊಂಡರು. ಅಲ್ಲಿಂದ ನಮ್ಮದೊಂದು ಪದ್ಧತಿ ಬೆಳೆಯಿತು: ರಕ್ತ ಕೊಡುವವರು ಗಾಡಿಯಲ್ಲಿ ಬರಬಾರದು, ಓಡಿಕೊಂಡು ಬರಬೇಕು. ದೂರದವರಾದರೆ ಊರಂಚಿನಿಂದಾದರೂ ಓಡಬೇಕು. ಜೊತೆಗೆ ನಾಲ್ಕಾರು ಜನ ಕೆಂಪು ಟೀಶರ್ಟ್ ಹಾಕಿಕೊಂಡು ಓಡುತ್ತಾರೆ. ಡೇರಿ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರು ಕೂಗುತ್ತಾರೆ: "ಯಾಕವ್ವಾ, ಯಾರಾರಾ ಅಟ್ಟಿಸ್ಕಂಡ್ ಬತ್ತಾವ್ರಾ?" ಮೇಷ್ಟ್ರು ಹಿಂದಿನಿಂದ, "ಶುಗರ್ ಅಟ್ಟಿಸ್ಕಂಡ್ ಬತ್ತಾ ಐತೆ, ನೀನೂ ಓಡ್ಲಾ!" ಅನ್ನುತ್ತಾರೆ. ಹಾಗೆ ನಿಂತು ನಗುವವನನ್ನು ಮಾತಿಗೆಳೆದು, ಅವನ ರಕ್ತದ ಗುಂಪು ಕೇಳಿ, ಮುಂದಿನ ರಕ್ತದಾನದ ಕ್ಯಾಂಪಿಗೆ ಅವನನ್ನೂ ಕರೆತರುತ್ತಾರೆ. ಇದು ನಿಜವಾಗಿಯೂ ಫಲಿಸಿತ್ತು. ಬ್ಲಡ್ ಬ್ಯಾಂಕಿನ ಮೆಟ್ಟಿಲ ಮೇಲೆ ಬೆವರಿನಲ್ಲಿ ನಿಂತು ಒಂದು ಫೋಟೊ ತೆಗೆಸಿಕೊಳ್ಳುವುದೂ ಪದ್ಧತಿಯೇ.

ಕ್ಯಾಂಪುಗಳೆಲ್ಲ ಸಂಜೆ ಇರುತ್ತಿದ್ದವು. ಉಂಡು, ಮಲಗೆದ್ದು, ನಾಲ್ಕು ಬೀದಿ ಓಡಿ ಬರುವುದು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಹಾಗಾಗಿ ಈ ಪದ್ಧತಿಯಲ್ಲಿ ತಪ್ಪೇನಾದರೂ ಇರಬಹುದು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಅದು ಭಾನುವಾರ. ಭಾನುವಾರ ನಮ್ಮದು ಉದ್ದ ಓಟ. ಶೆಟ್ಟಿಹಳ್ಳಿಯವರೆಗೆ ಆಟೊದಲ್ಲಿ ಹೋಗಿ, ಹಿನ್ನೀರಿನಲ್ಲಿ ನಿಂತ ಮುರುಕು ಚರ್ಚಿಗೆ ಬೆನ್ನು ಹಾಕಿ ಹಾಸನಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಓಡಿ ಬರುವುದು. ಮದುವೆ ಸೀಸನ್ನು, ಉಳಿದವರು ಕೈಕೊಟ್ಟಿದ್ದರು. ನಾನೊಬ್ಬಳೇ ಓಡುತ್ತಿದ್ದೆ. ಮೇಷ್ಟ್ರು ಸ್ಕೂಟರಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಸ್ವಲ್ಪ ಮುಂದೆ ಹೋಗುವುದು, ನಿಲ್ಲುವುದು ಮಾಡುತ್ತಿದ್ದರು. ಬೆಳಗಿನ ಓಟಕ್ಕೆ ನಾನು ಏನೂ ತಿನ್ನುವುದಿಲ್ಲ. ಹೊಟ್ಟೆ ಖಾಲಿಯಿದ್ದರೆ ಕಾಲು ಹಗುರ.

ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. ಮೇಷ್ಟ್ರು ರಸ್ತೆ ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಹತ್ತಿರ ಬರುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಬಾಣಂತಿ ಕಣಮ್ಮ. ರಕ್ತ ನಿಲ್ತಾ ಇಲ್ವಂತೆ. ಬ್ಯಾಂಕಲ್ಲಿ ನಿಮ್ ಗುಂಪಿಂದು ಒಂದೇ ಒಂದು ಇತ್ತಂತೆ, ಅದನ್ನ ಏರಿಸಿಬಿಟ್ಟವ್ರೆ."

"ಚನ್ನರಾಯಪಟ್ಟಣದ ಟೀಚರ್‌ಗೆ ಹೇಳಿದ್ರಾ?" ನಮ್ಮೆಲ್ಲರಲ್ಲಿ ಓ ನೆಗೆಟಿವ್ ಇದ್ದವರು ನಾವಿಬ್ಬರೇ.

"ಬಸ್ ಹತ್ತುತಾವ್ರೆ. ಅವ್ರು ಬರೋದು ಯಾವಾಗ್ಲೋ. ನೀನೇ ಹತ್ರ."

ಮುಂದಿನದು ಆ ಒದ್ದೆ ಸೀಟು, ಅಥವಾ ಡಾಂಬರು. ಅದಾದ ಮೇಲೆ ನನಗೆ ಕಾಣುವುದು ಬ್ಲಡ್ ಬ್ಯಾಂಕಿನ ಬಾಗಿಲು, ಬಾಗಿಲಲ್ಲಿ ಬಾಣಂತಿಯ ಅಣ್ಣ. ಮೂವತ್ತು ದಾಟಿರದ ಮನುಷ್ಯ, ಅಂಗಿಯ ತೋಳಿನ ಮೇಲೆ ಒಣಗಿದ ಕಲೆ. ನನ್ನನ್ನು ನೋಡಿ, "ಬಂದ್ರಾ ಅಕ್ಕ, ಬಂದ್ಬುಟ್ರಾ" ಎಂದು ಕೈ ಮುಗಿದ. ಮುಗಿದ ಕೈ ಬಿಡಿಸಲೇ ಇಲ್ಲ.

ಒಳಗೆ ಟೆಕ್ನಿಷಿಯನ್ ಹುಡುಗಿ ನನ್ನ ಬೆರಳಿಗೆ ನಾಡಿ ನೋಡುವ ಕ್ಲಿಪ್ ಹಾಕಿದಳು.

"ತಿಂಡಿ ಆಯ್ತಾ ಮೇಡಂ?"

"ಇಲ್ಲ."

"ಎಲ್ಲಿಂದ ಬಂದ್ರಿ?"

ಮೇಷ್ಟ್ರು ನನಗಿಂತ ಮೊದಲೇ ಹೇಳಿದರು, "ಶೆಟ್ಟಿಹಳ್ಳಿಯಿಂದ. ಓಡ್ಕೊಂಡು!"

ಅವಳು ಕ್ಲಿಪ್ಪನ್ನು ಇನ್ನೊಂದು ಬೆರಳಿಗೆ ಹಾಕಿ ನೋಡಿದಳು. "ರಕ್ತ ಕೊಡೋಕೆ ಹಿಂಗೆ ಬರ್ತಾರಾ ಸಾರ್? ಹೊಟ್ಟೇಲಿ ಏನಿಲ್ಲ, ಮೈಯಲ್ಲಿ ನೀರಿಲ್ಲ, ಪಲ್ಸ್ ನೂರಿಪ್ಪತ್ತರ ಮೇಲಿದೆ. ಈಗ ತೆಗೆದ್ರೆ ಇವ್ರನ್ನೂ ಒಂದು ಮಂಚಕ್ಕೆ ಹಾಕ್ಬೇಕಾಗುತ್ತೆ."

"ನಾವು ಯಾವಾಗ್ಲೂ ಓಡೇ ಬರೋದು..."

"ನಾಕು ಬೀದಿ ಓಡಿ ಬರ್ತಿದ್ರಿ ಸಾರ್. ಇದು ಶೆಟ್ಟಿಹಳ್ಳಿ."

ನಾಡಿ ಅಷ್ಟಿತ್ತು ಎಂದ ಮೇಲೆ ನಾನು ಕೊನೆಯ ಭಾಗವನ್ನಾದರೂ ಓಡಿರಬೇಕು. ಆದರೆ ಭಯಕ್ಕೂ ನಾಡಿ ಏರುತ್ತದೆ. ಹಾಗಾಗಿ ಅದೂ ಸಾಕ್ಷಿಯಲ್ಲ.

ಡಾಕ್ಟರು ಬಂದು ನೋಡಿದರು. ತಿನ್ನಲಿ, ನೀರು ಕುಡಿಯಲಿ, ಮಲಗಲಿ ಅಂದರು. ಬಿಪಿ ಸರಿಯಾಗಿ, ನಾಡಿ ನೂರರ ಕೆಳಗೆ ಬಂದು ಅಲ್ಲೇ ನಿಂತರೆ ತೆಗೆಯೋಣ, ಇಲ್ಲದಿದ್ದರೆ ಬೇಡ. ತೆಗೆದ ಮೇಲೂ ಪರೀಕ್ಷೆಗಳಿವೆ, ಹೊಂದುತ್ತದೋ ಇಲ್ಲವೋ ನೋಡಬೇಕು, ಅದಕ್ಕೂ ಹೊತ್ತು ಬೇಕು.

ಅಣ್ಣನಿಗೆ ಇದು ಅರ್ಥವಾಗಲಿಲ್ಲ. "ಅಂಗಂದ್ರೆ? ರಕ್ತ ಇಲ್ಲೇ ಕುಂತದೆ, ತಗಳಕ್ಕಾಗಕಿಲ್ವಾ?"

ನನಗೂ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿತ್ತು, ಒಪ್ಪಲಾಗಲಿಲ್ಲ. ವರ್ಷಗಟ್ಟಲೆ ಈ ಎದೆಯನ್ನು ಪಳಗಿಸಿದ್ದೆ. ಏರು ಬಂದರೆ ಏರಿಸಲು, ಇಳಿಜಾರಿನಲ್ಲಿ ಇಳಿಸಲು ಕಲಿತಿದ್ದೆ. ಗೋಡೆಯ ಆ ಕಡೆ ಒಬ್ಬಳ ಮೈಯಿಂದ ರಕ್ತ ಹೋಗುತ್ತಿದೆ, ಈ ಕಡೆ ನಾನು ಹಾಯಾಗಿರಬೇಕು. ಹಾಯಾಗಿರುವುದೇ ನನ್ನ ಕೆಲಸ. ಅದೊಂದನ್ನು ಮಾತ್ರ ಅಭ್ಯಾಸ ಮಾಡಿರಲಿಲ್ಲ.

ಅಣ್ಣ ಕ್ಯಾಂಟೀನಿನಿಂದ ಇಡ್ಲಿ ತಂದ. ಎಳನೀರೂ ತಂದ. ಎದುರಿಗೆ ಕುಕ್ಕರಗಾಲಲ್ಲಿ ಕೂತು ನಾನು ತಿನ್ನುವುದನ್ನೇ ನೋಡತೊಡಗಿದ.

"ಬ್ಯಾಗ ತಿನ್ನಕ್ಕ." ಮತ್ತೆ ತಾನೇ, "ಬ್ಯಾಡ ಬ್ಯಾಡ, ನಿಧಾನ್ಕೆ ತಿನ್ನಿ."

ಒಂದೊಂದೇ ಚೂರು ಇಡ್ಲಿ ಬಾಯಿಗಿಟ್ಟುಕೊಂಡೆ. ಎಳನೀರಿನಿಂದ ನೂಕಿದೆ.

"ಯಜಮಾನ್ರೆಲ್ಲಿ, ಅವಳ ಗಂಡ?" ಎಂದು ಕೇಳಿದೆ. ಏನಾದರೂ ಮಾತಾಡಬೇಕಿತ್ತು.

"ಅವ್ನಾ? ರಕ್ತ ಅಂದ್ರೆ ಬಿದ್ಬುಡ್ತಾನೆ ಕಣಕ್ಕ. ಬೆಳಿಗ್ಗೆ ವಾರ್ಡ್ ತಾವ ದೊಪ್ಪಂತ ಬಿದ್ದ. ನರ್ಸಮ್ಮ, ಮೊದ್ಲು ಇವ್ನ ಆಚೆ ಎಳ್ಕಂಡ್ ಓಗ್ರಿ ಅಂದ್ಲು. ಈಗ ಕ್ಯಾಂಟೀನ್ ತಾವ ಕುಂತವ್ನೆ, ಸೋಡಾ ಕುಡೀತಾ." ಅವನ ಮುಖದಲ್ಲಿ ನಗು ಬಂದು ಅರ್ಧಕ್ಕೇ ನಿಂತಿತು. "ಮದ್ವೇಲಿ ಉಡುಗ ದೈರ್ಯಸ್ತ ಅಂತ ಯೋಳಿದ್ರು."

ಅವನ ಫೋನು ರಿಂಗಾಯಿತು. ವಾರ್ಡಿನಿಂದ. ಅವನು "ಆ, ಆ, ಅವ್ರೆ, ಇಲ್ಲೇ ಅವ್ರೆ, ತಿಂತಾವ್ರೆ" ಅನ್ನುತ್ತಿದ್ದ. ತಿನ್ನುತ್ತಿದ್ದಾರೆ ಎನ್ನುವ ಮಾತನ್ನು ಆ ಕಡೆ ಯಾರು ಹೇಗೆ ಕೇಳಿಸಿಕೊಂಡರೋ. ನನ್ನ ಕಿವಿಯಲ್ಲೇ ನನ್ನ ಎದೆ ಬಡಿಯುತ್ತಿತ್ತು.

ಎರಡನೇ ಸಲ ಕ್ಲಿಪ್ ಹಾಕಿದಾಗ ಇನ್ನೂ ನೂರರ ಮೇಲೇ ಇತ್ತು. ಟೆಕ್ನಿಷಿಯನ್ ಒಂದು ಮಂಚ ತೋರಿಸಿದಳು. "ಕಣ್ಮುಚ್ಚಿ ಮಲಗಿ ಮೇಡಂ" ಎಂದು ಪರದೆ ಎಳೆದಳು. ಕಣ್ಣು ಮುಚ್ಚಿದರೆ ಹೊರಗಿನದೆಲ್ಲ ಇನ್ನೂ ಚೆನ್ನಾಗಿ ಕೇಳುತ್ತಿತ್ತು.

ಈಗ ಬರುವುದು ಮೇಷ್ಟ್ರು ಒಪ್ಪದ ಭಾಗ. ಅವರು ಹೊರಗಿನಿಂದ ಬಂದು, "ಹೆಂಗೂ ಕಾಯ್ತಾ ಇದ್ದೀವಿ, ಒಂದು ಫೋಟೊ ತೆಗೆದಿಟ್ಕೊಳನಾ" ಅಂದರು ಎಂದು ನನ್ನ ನೆನಪು. ತಾವು ಅಂಥ ಮಾತು ಆಡಲು ಸಾಧ್ಯವೇ ಇಲ್ಲ ಎಂದು ಅವರು. ಫೋಟೊ ಅಂತೂ ಇದೆ: ನಾನು ಇಡ್ಲಿ ತಟ್ಟೆ ಹಿಡಿದು ಬೆಂಚಿನ ಮೇಲೆ ಕೂತಿರುವುದು. ಯಾರು ತೆಗೆದರು, ಯಾವಾಗ ತೆಗೆದರು, ಗೊತ್ತಿಲ್ಲ. ಅಣ್ಣ ಸಿಡಿದದ್ದು ಮಾತ್ರ ಪರದೆಯ ಈಚೆಗೂ ಕೇಳಿತು.

"ಏನ್ ಸಾ, ಪೋಟೊನಾ? ನಮ್ ಉಡ್ಗಿ ಅಲ್ಲಿ ಬೆಳ್ಳಗಾಯ್ತಾ ಅವ್ಳೆ. ಗಾಡೀಲಿ ಕೂರಿಸ್ಕಂಡ್ ಬಂದು, ಎಲ್ಡ್ ಇಡ್ಲಿ ತಿನ್ಸಿದ್ರೆ ಇಷ್ಟೊತ್ಗೆ ಮುಗ್ದೋಗ್ತಿತ್ತು. ನಿಮ್ ಓಟುಕ್ ಬೆಂಕಿ ಬೀಳ!"

ಪರದೆಯ ಕೆಳಗಿನಿಂದ ಮೇಷ್ಟ್ರ ಬೂಟುಗಳು ಕಾಣುತ್ತಿದ್ದವು, ಮೂವತ್ತು ವರ್ಷ ಮೈದಾನದಲ್ಲಿ ಸೀಟಿ ಊದಿದವರ ಬೂಟುಗಳು. ಬೂಟುಗಳು ಒಂದಿಷ್ಟು ಹೊತ್ತು ಅಲ್ಲೇ ಇದ್ದವು. ಆಮೇಲೆ ಹೊರಗೆ ಹೋದವು.

ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಪರದೆಯ ಹತ್ತಿರ ಬಂದ. "ತೆಪ್ಪು ತಿಳ್ಕಬ್ಯಾಡಿ ಅಕ್ಕ."

"ಇಲ್ಲಪ್ಪ."

"ಈಗೆಷ್ಟದೆ?"

"ನೋಡ್ಲಿಲ್ಲ."

"ನೀವು ಸಮಾದಾನವಾಗಿರಿ. ನಾನೇನ್ ಕೇಳಕಿಲ್ಲ." ಮತ್ತೆ ಎರಡು ನಿಮಿಷಕ್ಕೆ, "ಈಗ ನೋಡ್ಸಿ ಅಕ್ಕ, ಒಂದ್ಸಲ."

ಮೂರನೇ ಸಲವೂ ಇಳಿದಿರಲಿಲ್ಲ. ಈಗ ಅದು ಓಟದ ನಾಡಿ ಅಲ್ಲ ಎಂದು ಟೆಕ್ನಿಷಿಯನ್ ಮುಖ ನೋಡಿಯೇ ಗೊತ್ತಾಯಿತು. ಓಡಿದ್ದರಿಂದ ಏರಿದ್ದು ಯಾವಾಗಲೋ ಇಳಿದಿರಬೇಕು. ಈಗಿರುವುದು ಇಳಿಯಬೇಕು ಇಳಿಯಬೇಕು ಎಂದು ಏರುತ್ತಿರುವುದು. ಉಸಿರನ್ನು ಉದ್ದ ಎಳೆದೆ. ಹೊಳೆ ನೆನೆದೆ. ಹೊಳೆನರಸೀಪುರದಲ್ಲಿ ನಾವು ಓಡುವ ಹೇಮಾವತಿ ದಂಡೆ, ಬೆಳಗಿನ ನೀರು, ಬಟ್ಟೆ ಒಗೆಯುವ ಸದ್ದು. ಬಟ್ಟೆ ಒಗೆಯುವ ಸದ್ದು ಎದೆ ಬಡಿತವಾಗಿಬಿಟ್ಟಿತು. ಬಿಟ್ಟೆ.

ಆಗ ಚನ್ನರಾಯಪಟ್ಟಣದ ಟೀಚರು ಬಂದರು. ದಪ್ಪನೆಯ ಹೆಂಗಸು, ನಮ್ಮಲ್ಲಿ ಎಲ್ಲರಿಗಿಂತ ಕೊನೆಗೆ ಓಟ ಮುಗಿಸುವವರು. ಬಸ್‌ಸ್ಟ್ಯಾಂಡಿನಿಂದ ಆಟೊ ಹಿಡಿದು ಬಂದಿದ್ದರು. ಕೆಂಪು ಟೀಶರ್ಟೂ ಇಲ್ಲ, ಬೂಟೂ ಇಲ್ಲ.

"ಶಾಂತಿಗ್ರಾಮದ ತಾವ ಲಾರಿ ಅಡ್ಡ ನಿಂತಿತ್ತು ಕಣ್ರೀ, ಇಲ್ದಿದ್ರೆ ಆಗ್ಲೇ ಬಂದಿರೋಳು. ಓಡಕ್ಕೋಗ್ಲಿಲ್ಲ, ಮೇಷ್ಟ್ರು ಬೈಕೊಂಡ್ರೆ ಬೈಕೊಳ್ಲಿ."

"ತಿಂಡಿ?" ಎಂದಳು ಟೆಕ್ನಿಷಿಯನ್.

"ಬಸ್ಸಲ್ಲೇ ಚಿತ್ರಾನ್ನ ತಿಂದೆ. ಪಕ್ಕದೋರ್ಗೂ ಕೊಟ್ಟೆ."

ಬೆರಳಿಗೆ ಕ್ಲಿಪ್, ತೋಳಿಗೆ ಪಟ್ಟಿ, ಒಂದು ತೊಟ್ಟು ರಕ್ತದ ಪರೀಕ್ಷೆ. ಎಲ್ಲ ಸರಿಯಿತ್ತು. ಅವರು ಪಕ್ಕದ ಮಂಚದಲ್ಲಿ ಮಲಗಿ, ಮೆತ್ತನೆ ಚೆಂಡನ್ನು ಹಿಸುಕುತ್ತಾ ನನ್ನ ಕಡೆ ತಿರುಗಿ, "ನಿಮ್ಗೇನಾಯ್ತು?" ಎಂದು ಕೇಳಿದರು. ನಾನು ಉತ್ತರ ಹೇಳುತ್ತಿರುವಾಗಲೇ ಟೆಕ್ನಿಷಿಯನ್ ಸುಮ್ಮನೆ ಇನ್ನೊಮ್ಮೆ ನನ್ನ ಬೆರಳು ಹಿಡಿದಳು.

ತೊಂಬತ್ತರ ಹತ್ತಿರ ಬಂದಿತ್ತು. ನೋಡುತ್ತಿದ್ದ ಹಾಗೇ ಇನ್ನೂ ಇಳಿಯಿತು, ಅಲ್ಲೇ ನಿಂತಿತು. ಬಿಪಿಯೂ ಸರಿಯಾಗಿತ್ತು.

ಇದಕ್ಕೆ ನಾನು ಬೇರೆ ಬೇರೆ ಕಾರಣ ಕೊಟ್ಟುಕೊಂಡು ನೋಡಿದ್ದೇನೆ. ಎಳನೀರು, ಇಡ್ಲಿ, ಮಲಗಿದ್ದು. ಯಾವುದೂ ಸುಳ್ಳಲ್ಲ. ಆದರೆ ಟೀಚರ ರಕ್ತ ಕೊಳವೆಯಲ್ಲಿ ಇಳಿಯುವುದು ಕಂಡ ಮೇಲೆ, ಇನ್ನು ನನ್ನದೇ ಬೇಕೆಂದಿಲ್ಲ ಎಂದಾದ ಮೇಲೆ, ನನ್ನ ಎದೆ ಸುಮ್ಮನಾಯಿತು. ಹಾಗೆ ನನಗೆ ಅನಿಸುತ್ತದೆ. ಡಾಕ್ಟರು ಮತ್ತೆ ಬಂದು ನೋಡಿ, ಒಂದಕ್ಕಿಂತ ಹೆಚ್ಚು ಬೇಕಾಗಬಹುದು, ಇವರದೂ ತೆಗೆಯಿರಿ ಅಂದರು. ತೆಗೆದರು. ಎರಡು ಚೀಲಗಳು ಒಂದರ ಪಕ್ಕ ಒಂದು ಪರೀಕ್ಷೆಗೆ ಒಳಕೋಣೆಗೆ ಹೋದವು. ಬಾಗಿಲು ಮುಚ್ಚಿತು. ಅಣ್ಣ ಆ ಬಾಗಿಲ ಮುಂದೆ ನಿಂತ.

ಬಾಗಿಲು ತೆರೆಯುವ ಮೊದಲೇ ವಾರ್ಡಿನಿಂದ ಸುದ್ದಿ ಬಂತು: ಆಪರೇಷನ್ ಬೇಕಾಗಬಹುದು, ಮೈಸೂರಿಗೆ ಕಳಿಸುತ್ತಿದ್ದಾರೆ, ಆಂಬುಲೆನ್ಸ್ ಹೊರಡುತ್ತಿದೆ. ಪರೀಕ್ಷೆ ಮುಗಿದಿದ್ದ ರಕ್ತವನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಅಣ್ಣನ ಕೈಗೆ ಕೊಟ್ಟರು. ಒಂದು ಚೀಲವೋ, ಎರಡೋ. ಒಂದಾಗಿದ್ದರೆ ಟೀಚರದೇ, ಮೊದಲು ತುಂಬಿದ್ದು ಅದು. ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಓಡಿದ. ಹವಾಯಿ ಚಪ್ಪಲಿ ಕಾಲಿಂದ ಜಾರುತ್ತಿತ್ತು, ಒಂದನ್ನು ಅಲ್ಲೇ ಬಿಟ್ಟ. ನನಗೆ ಏಳಬಾರದು ಎಂದಿದ್ದರು. ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದು ಕಿಟಕಿಯಿಂದ ನೋಡಿದೆ. ಆಂಬುಲೆನ್ಸಿನ ಒಳಗೆ ಮಲಗಿದ್ದವಳ ಪಾದ ಮಾತ್ರ ಕಂಡಿತು, ಕಂಬಳಿಯ ಹೊರಗೆ. ಅದನ್ನು ಕಂಡೆ ಎಂದುಕೊಂಡಿದ್ದೇನೆ.

ಮಗು, ಅಜ್ಜಿ, ಸೋಡಾ ಕುಡಿಯುತ್ತಿದ್ದ ಗಂಡ ಹಿಂದೆ ಒಂದು ಕಾರಿನಲ್ಲಿ ಹೋದರಂತೆ.

ನಾನು ಮನೆ ಸೇರುವಷ್ಟರಲ್ಲಿ ಗುಂಪಿನಲ್ಲಿ ಮೇಷ್ಟ್ರ ಮೆಸೇಜು ಬಂದಿತ್ತು. ಇಡ್ಲಿ ತಟ್ಟೆಯ ಫೋಟೊ, ಕೆಳಗೆ, "ತಾಯಿ ಮಗು ಇಬ್ಬರೂ ಕ್ಷೇಮ." ಫೋನು ಮಾಡಿ ಯಾರು ಹೇಳಿದರು ಎಂದು ಕೇಳಿದೆ. "ಕ್ಷೇಮವಾಗೇ ಇರ್ತಾಳೆ ಕಣಮ್ಮ. ಇರ್ಲೇಬೇಕು" ಅಂದರು.

ಬೆಳಿಗ್ಗೆ ಅವರಿಗೆ ಕರೆ ಬಂದಿದ್ದ ನಂಬರಿಗೆ ಮಾಡಿ ನೋಡಿದೆ. ಅದು ವಾರ್ಡಿನ ಪಕ್ಕದ ಮಂಚದವರ ಫೋನು. "ಅವ್ರು ಮೈಸೂರ್‌ಗೋದ್ರಲ್ಲವ್ವಾ, ನಮಗೇನ್ ಗೊತ್ತು" ಎಂದರು. ಬ್ಲಡ್ ಬ್ಯಾಂಕಿನಲ್ಲಿ ಕೇಳಿದರೆ ಅಂಥದ್ದನ್ನು ಹೇಳುವ ಹಾಗಿಲ್ಲ ಎಂದರು. ಅದು ಸರಿಯೇ. ಅರಕಲಗೂಡಿನ ಕಡೆ ಅಂದರೆ ಎಷ್ಟು ಊರು. ಯಾವೂರು, ಫೋನ್ ನಂಬರೇನು ಎಂದು ಅಣ್ಣನನ್ನು ಕೇಳಲು ಅಷ್ಟು ಹೊತ್ತು ಇತ್ತು, ಕೇಳಲು ತೋಚಲಿಲ್ಲ.

ಅವಳು ಮೈಸೂರು ಮುಟ್ಟಿದಳೋ ಇಲ್ಲವೋ, ಆ ಪೆಟ್ಟಿಗೆಯಲ್ಲಿದ್ದದ್ದನ್ನು ಅವಳಿಗೆ ಏರಿಸಿದರೋ ಇಲ್ಲವೋ, ಅವಳು ಈಗ ಬದುಕಿದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.