ಕುಕ್ಕರ್ ಕೂಗಿದರೆ ನರ ಕಾಣುತ್ತದೆ

ಬೀದಿದೀಪ ಇನ್ನೂ ಆರಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಒಬ್ಬ ಹೆಂಗಸು ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮಂಜುಗಡ್ಡೆಯ ಮೇಲೆ ಬೋರಲು ಮಲಗಿದ್ದ ಮೇಣದ ತುಂಡನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಚಕ್ರ ತಿರುಗಿಸುತ್ತಾರೆ. ಬ್ಲೇಡಿನ ಅಂಚಿನಿಂದ ಮೇಣದ ಪಟ್ಟಿಯೊಂದು ಇಳಿಯುತ್ತದೆ. ಈರುಳ್ಳಿಯ ಒಳಸಿಪ್ಪೆಯೂ ಇದರ ಮುಂದೆ ಕಂಬಳಿ. ಕೆಮ್ಮಿದರೆ ಹಾರಿಹೋಗುತ್ತದೆ.

"ಮಾತಾಡ್ಸ್ಬೇಡಿ," ಎನ್ನುತ್ತಾರೆ, ಕಣ್ಣೆತ್ತದೆ. "ಇದು ಹೋದ್ರೆ ಇನ್ನೊಂದಿಲ್ಲ."

ಮೇಣದೊಳಗೆ ಇರುವುದು ಮೇಲಿನ ವಾರ್ಡಿನ ಕೂಸೊಂದರ ಕರುಳಿನ ಚೂರು. ಎಳ್ಳುಕಾಳಿನಷ್ಟೂ ಇಲ್ಲ. ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ಹೊಟ್ಟೆ ತಮಟೆಯ ಹಾಗೆ ಉಬ್ಬಿದೆ, ಕಕ್ಕ ಮಾಡುತ್ತಿಲ್ಲ. ಕೆಲವು ಮಕ್ಕಳಿಗೆ ಕರುಳಿನ ಕೊನೆಯಲ್ಲಿ ನರಕೋಶಗಳೇ ಬೆಳೆದಿರುವುದಿಲ್ಲ. ನರವಿಲ್ಲದ ಕರುಳು ಅಲುಗಾಡುವುದಿಲ್ಲ, ಆ ಭಾಗವನ್ನು ಕೊಯ್ದು ತೆಗೆಯಬೇಕು. ನರವಿದ್ದರೆ ಕೊಯ್ಯಬೇಕಾಗಿಲ್ಲ. ಇದೆಯೋ ಇಲ್ಲವೋ? ಮೇಲೆ ಸರ್ಜನ್ ಕಾಯುತ್ತಿದ್ದಾರೆ. ಮೊಗಸಾಲೆಯ ಬೆಂಚಿನ ಮೇಲೆ ಕೂಸಿನ ಅಜ್ಜಿ ಖಾಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾಳೆ. ನಿನ್ನೆ ಮಾಡಿದ ಪರೀಕ್ಷೆ ಕೆಟ್ಟಿತು. ಉಳಿದಿರುವುದು ಇಷ್ಟೇ ಇಷ್ಟು. ಇದೂ ಕೆಟ್ಟರೆ ಕೂಸಿನ ಮೈಯಿಂದ ಮತ್ತೊಂದು ಚೂರು ಕೀಳಬೇಕು.

ಪಟ್ಟಿ ಬಿಸಿನೀರಿನ ಮೇಲೆ ಸುಕ್ಕಿಲ್ಲದೆ ಹರಡಿಕೊಳ್ಳುತ್ತದೆ. ಅದನ್ನು ಗಾಜಿನ ಮೇಲೆ ಹಿಡಿದೆತ್ತಿದ ಮೇಲೆಯೇ ಅವರು ಉಸಿರು ಬಿಡುವುದು. "ಹೂಂ, ಈಗ ಕೇಳಿ."

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಕುಕ್ಕರ್ ಅಕ್ಕ ಎಂದು. ಬಾಟಲಿ ತೊಳೆಯುವ ಕೆಲಸಕ್ಕೆಂದು ಈ ಕೋಣೆಗೆ ಬಂದವರು. ಹಿರಿಯ ಟೆಕ್ನಿಷಿಯನ್ ಒಬ್ಬರ ಬೆನ್ನ ಹಿಂದೆ ನಿಂತು ಕತ್ತರಿಸುವುದು ಕಲಿತರು, ಮಗಳನ್ನು ಹೆತ್ತ ಮೇಲೆ ಪರೀಕ್ಷೆ ಕಟ್ಟಿ ಪಾಸಾದರು. ಈಗ ದಿನಕ್ಕೆ ಐವತ್ತು ಅರವತ್ತು ಗಾಜುಗಳು ಇವರ ಕೈ ದಾಟುತ್ತವೆ. ಚೂರುಗಳು ಕೆಡದಂತೆ ನೆನೆಸಿಡುವ ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತದೆ. ಮಂಜುಗಡ್ಡೆ ಮುಟ್ಟಿ ಮುಟ್ಟಿ ಬೆರಳ ತುದಿ ಒಡೆದಿದೆ. ಚಕ್ರ ತಿರುಗಿಸುವ ಭುಜವನ್ನು ರಾತ್ರಿ ಮಗಳು ತಿಕ್ಕಬೇಕು. ಕಾಯಿಲೆ ಪತ್ತೆಯಾದರೆ ಮನೆಯವರು ಡಾಕ್ಟರಿಗೆ ಕೈ ಮುಗಿಯುತ್ತಾರೆ, ಸರಿಯೇ. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಎಲ್ಲಿದೆ ಎಂದು ಈವರೆಗೆ ಒಬ್ಬ ನರಪಿಳ್ಳೆಯೂ ಕೇಳಿದ್ದಿಲ್ಲ.

ಕೆಲಸವನ್ನು ಅಕ್ಕ ವಿವರಿಸುವ ಧಾಟಿಯೇ ಬೇರೆ. "ನರಕೋಶದಲ್ಲಿ ಒಂದು ಪ್ರೋಟೀನ್ ಇರತ್ತೆ. ನಾನು ಹಾಕೋ ಆಂಟಿಬಾಡಿಗೆ ಅದರ ಗುರುತು ಮಾತ್ರ ಗೊತ್ತು. ಬಸ್ ಸ್ಟ್ಯಾಂಡಲ್ಲಿ ಸಾವಿರ ಜನ ಇದ್ರೂ ನಮ್ಮವರನ್ನ ಹುಡುಕಿ ಕೈ ಹಿಡ್ಕೊಳ್ಳಲ್ವಾ, ಹಾಗೆ ಹೋಗಿ ಹಿಡ್ಕೊಳತ್ತೆ. ಆಮೇಲೆ ಎರಡನೇ ಆಂಟಿಬಾಡಿ. ಅದು ಮೊದಲನೇದರ ಹೆಗಲೇರತ್ತೆ. ಕೊನೆಗೆ ಬಣ್ಣ ಹಾಕಿದ್ರೆ ಅವರಿಬ್ಬರೂ ಕೂತಿರೋ ಜಾಗ ಮಾತ್ರ ಕಂದು ಆಗತ್ತೆ. ಕಂದು ಇದ್ರೆ ನರ ಇದೆ."

ಹಾಗಾದರೆ ಕುಕ್ಕರ್ ಯಾಕೆ?

"ಫಾರ್ಮಲಿನ್‌ನಲ್ಲಿ ನೆನೆದ ಪ್ರೋಟೀನು ಮುಸುಕು ಹಾಕ್ಕೊಂಡು ಕೂತಿರತ್ತೆ. ಗಾಜನ್ನ ದ್ರಾವಣದಲ್ಲಿಟ್ಟು ಎರಡು ಕೂಗು ಕೂಗಿಸ್ಬೇಕು. ಆಗ ಮುಸುಕು ತೆಗೆಯತ್ತೆ. ಮುಖ ಕಾಣದೆ ಆಂಟಿಬಾಡಿ ಯಾರ ಕೈ ಹಿಡಿಯತ್ತೆ ಹೇಳಿ!"

ಮನೆಯಲ್ಲಿ ಆಲೂಗಡ್ಡೆ ಬೇಯಿಸುವಂಥದ್ದೇ ಕುಕ್ಕರ್. ಅದರ ಪಕ್ಕದಲ್ಲಿ ಬೀರುವಿನಷ್ಟು ದೊಡ್ಡ ಯಂತ್ರ ನಿಂತಿದೆ. ಬೇಯಿಸುವುದು, ಆಂಟಿಬಾಡಿ ಹಾಕುವುದು, ತೊಳೆಯುವುದು, ಎಲ್ಲವನ್ನೂ ತಾನೇ ಮಾಡುತ್ತದಂತೆ. ಬಂದ ದಿನ ದೊಡ್ಡ ಮನುಷ್ಯರು ಸಾಲಾಗಿ ನಿಂತು ರಿಬ್ಬನ್ ಕತ್ತರಿಸಿದರು, ಫೋಟೊಕ್ಕೆ ಹಲ್ಲು ಕಿರಿದರು. ಅದಕ್ಕೆ ಹೊಯ್ಯಬೇಕಾದ ದ್ರಾವಣ ತರಿಸುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಈಗ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯ ಮೇಲೆ ಅಕ್ಕನ ಕೊಡೆ. ಕುಕ್ಕರನ್ನು ಅವತ್ತು ಮೇಜಿನಡಿಗೆ ತಳ್ಳಿದ್ದರಂತೆ, ಬಂದವರು ನಕ್ಕಾರು ಎಂದು. ಮರ್ಯಾದೆ ಹೋಗುವುದು ಕುಕ್ಕರಿನಿಂದಲ್ಲ ಸ್ವಾಮಿ, ಅದಕ್ಕೊಂದು ರಬ್ಬರ್ ಬಳೆ ಕೊಡಿಸಲಾಗದ ನಿಮ್ಮಿಂದ!

ರಬ್ಬರ್ ಬಳೆ ಎಂದರೆ ಗ್ಯಾಸ್ಕೆಟ್. ನಿನ್ನೆಯ ಕತೆಯೆಲ್ಲ ಅದರದ್ದೇ. ಹಳೆಯದು ಸಡಿಲವಾಗಿದೆ, ಹೊಸದು ಬೇಕು ಎಂದು ಅಕ್ಕ ಆಸ್ಪತ್ರೆಯ ಸ್ಟೋರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದರು. ನಿನ್ನೆ ಅಂಚಿನಿಂದ ಹಬೆ ಸೋರಿತು, ಕುಕ್ಕರ್ ಕೂಗಲೇ ಇಲ್ಲ. "ಪಕ್ಕದಲ್ಲಿ ಜನರೇಟರ್ ಗಲಾಟೆ. ಕೂಗಿರತ್ತೆ, ನನಗೆ ಕೇಳ್ಸಿಲ್ಲ ಅಂದ್ಕೊಂಡು ಇಳಿಸ್ಬಿಟ್ಟೆ. ಗ್ಯಾಸ್ಕೆಟ್ ಅವರದ್ದು, ಅಂದ್ಕೊಂಡಿದ್ದು ನಂದು," ಎಂದು ತಪ್ಪನ್ನು ನ್ಯಾಯವಾಗಿ ಪಾಲು ಮಾಡುತ್ತಾರೆ.

ಆ ತಪ್ಪನ್ನು ಹಿಡಿದುಕೊಟ್ಟದ್ದು ಅಕ್ಕನದೇ ಅಪೆಂಡಿಕ್ಸು. ಹೌದು, ಹೊಟ್ಟೆಯಲ್ಲಿರುವ ಅಪೆಂಡಿಕ್ಸು! ಪ್ರತಿ ಗಾಜಿನ ಮೂಲೆಯಲ್ಲಿ ನರವಿದ್ದೇ ಇರುವ ಅಂಗಾಂಶದ ಚೂರೊಂದನ್ನು ಸಾಕ್ಷಿಗೆಂದು ಅಂಟಿಸುತ್ತಾರೆ. ಸಾಕ್ಷಿ ಕಂದಾದರೆ ಪರೀಕ್ಷೆ ಸರಿ. ಆಗದಿದ್ದರೆ ಆ ಗಾಜಿನ ಮಾತು ನಂಬುವಂತಿಲ್ಲ. ಒಮ್ಮೆ ಅಕ್ಕನಿಗೇ ಹೊಟ್ಟೆನೋವು ಬಂದು ಅಪೆಂಡಿಕ್ಸ್ ತೆಗೆಸಬೇಕಾಯಿತು. "ಆಪರೇಷನ್ ಟೇಬಲ್ ಮೇಲೆ ಮಲ್ಕೊಂಡೇ ಹೇಳ್ದೆ, ಬಿಸಾಡ್ಬೇಡಿ, ಕೆಳಗಡೆ ನನ್ನ ಕೋಣೆಗೆ ಕಳ್ಸಿ ಅಂತ. ಅವತ್ತಿಂದ ನಂದೇ ಸಾಕ್ಷಿ. ಅದೂ ಈಗ ಮುಗೀತಾ ಬಂತು. ನಮ್ಮನೆಯವರು ಹೊಟ್ಟೆನೋವು ಅಂದ್ರೆ ಸಾಕು, ಬಲಗಡೆನಾ ಅಂತ ಕೇಳ್ತೀನಿ. ಪಾಪ, ಈಗೀಗ ನೋವು ಬಂದ್ರೂ ಬಾಯ್ಬಿಡಲ್ಲ."

ನಿನ್ನೆ ಗಾಜು ನೋಡಿದ ಲ್ಯಾಬಿನ ಡಾಕ್ಟರಮ್ಮ ಮೊದಲು ಮೂಲೆಯನ್ನೇ ನೋಡಿದರು. "ಅಕ್ಕಾ, ನಿಮ್ಮ ಅಪೆಂಡಿಕ್ಸ್ ಮುನಿಸ್ಕೊಂಡಿದೆ," ಎಂದರು. ಕೂಸಿನ ಚೂರಿನಲ್ಲೂ ಕಂದಿಲ್ಲ, ಸಾಕ್ಷಿಯಲ್ಲೂ ಕಂದಿಲ್ಲ. ಆ ಸಾಕ್ಷಿ ಇಲ್ಲದೇ ಹೋಗಿದ್ದರೆ ಕೂಸಿಗೆ ನರವೇ ಇಲ್ಲವೆಂದು ಬರೆದುಬಿಡುತ್ತಿದ್ದರೋ ಏನೋ.

ಸ್ಟೋರಿಗೆ ಬೀಗ, ಅಂಗಡಿ ತೆರೆಯುವುದು ತಡ. ಆದ್ದರಿಂದ ಇವತ್ತು ಕತ್ತಲಲ್ಲೇ ಎದ್ದ ಅಕ್ಕ ತಮ್ಮ ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಾರೆ. ಮುಚ್ಚಳಕ್ಕೆ ಅದನ್ನು ಕೂರಿಸುವಾಗಲೇ ಫೋನು ಹೊಡೆದುಕೊಳ್ಳುತ್ತದೆ. ಅತ್ತೆಯ ಗಂಟಲು ಕೋಣೆಗೆಲ್ಲ ಕೇಳುತ್ತದೆ.

"ಲೇ ಮಹರಾಯ್ತಿ, ಕುಕ್ಕರ್ ಬಾಯಿ ಬಿಟ್ಕೊಂಡು ಕೂತಿದೆ! ನಾನೇನು ಹಸಿ ಆಲೂಗಡ್ಡೆ ಕಡೀಲಾ? ಇರೋವು ಮೂರು ಹಲ್ಲು!"

"ಒಂದು ಕೂಸಿನ ವಿಷಯ ಅತ್ತೆ. ಸಂಜೆ ಹೊಸದು ತರ್ತೀನಿ."

"ಸಂಜೆ ತನಕ?"

"ಬ್ರೆಡ್ ಇದೆ."

"ಬ್ರೆಡ್ಡಂತೆ! ಬಂದ ಮೇಲೆ ನಿನಗಿದೆ." ಫೋನ್ ಕಟ್.

ಕುಕ್ಕರ್ ಒಲೆಯೇರುತ್ತದೆ. ಈ ಸಲ ಅಕ್ಕ ಅಲ್ಲಿಂದ ಕದಲುವುದಿಲ್ಲ, ಮುಚ್ಚಳದ ಹತ್ತಿರವೇ ಕಿವಿ. ಜನರೇಟರ್ ಗುಂಯ್‌ಗುಡುತ್ತದೆ. ಅಂಚಿನಲ್ಲಿ ಹಬೆ ಇಲ್ಲ. ತಡೆದು ತಡೆದು, ಇಡೀ ನೆಲಮಾಳಿಗೆ ಬೆಚ್ಚುವ ಹಾಗೆ ಕುಕ್ಕರ್ ಕೂಗುತ್ತದೆ. "ಒಂದು!" ಎಂದು ಅಕ್ಕನೂ ಕೂಗುತ್ತಾರೆ. ಎರಡನೆಯದಕ್ಕೆ ಕಸ ಗುಡಿಸುವಾಕೆಯೂ ದನಿ ಸೇರಿಸುತ್ತಾಳೆ.

ಆಮೇಲೆ ತಣಿಸಬೇಕು, ತೊಳೆಯಬೇಕು, ಹನಿ ಹನಿಯಾಗಿ ಒಂದು ಆಂಟಿಬಾಡಿ, ತೊಳೆದು ಇನ್ನೊಂದು, ಕೊನೆಗೆ ಬಣ್ಣ. ಅವಸರಪಟ್ಟರೆ ಏನೂ ನಡೆಯುವುದಿಲ್ಲ. ಸೂರ್ಯ ನೆತ್ತಿಗೇರುವ ಹೊತ್ತಿಗೆ ಗಾಜು ಡಾಕ್ಟರಮ್ಮನ ಸೂಕ್ಷ್ಮದರ್ಶಕದ ಕೆಳಗಿದೆ. ಅಕ್ಕ ಬಾಗಿಲ ಬಳಿ ಒದ್ದೆ ಕೈಯಲ್ಲೇ ನಿಂತಿದ್ದಾರೆ.

"ನಿಮ್ಮ ಅಪೆಂಡಿಕ್ಸ್ ರಾಜಿ ಆಗಿದೆ," ಎನ್ನುತ್ತಾರೆ ಡಾಕ್ಟರಮ್ಮ, ತಲೆಯೆತ್ತದೆ. ಗಾಜು ಒಂದಿಷ್ಟು ಸರಿಯುತ್ತದೆ. ಇನ್ನೊಂದಿಷ್ಟು. "ಬನ್ನಿ, ನೀವೇ ನೋಡಿ."

ತಿಳಿನೀಲಿ ಬಯಲಿನಲ್ಲಿ ಕಂದು ಎಳೆಗಳು. ಎಳೆಗಳ ನಡುವೆ ದುಂಡುದುಂಡಗೆ, ಹೊಟ್ಟೆ ತುಂಬಿದ ಮಕ್ಕಳ ಹಾಗೆ ಕುಳಿತಿರುವ ನರಕೋಶಗಳು. ಕೂಸಿಗೆ ನರ ಇದೆ. ಆಪರೇಷನ್ ಇಲ್ಲ, ಬೇರೆ ಕಾರಣ ಹುಡುಕಿ ಔಷಧಿ ಕೊಡುವುದಾಗಿ ಸರ್ಜನ್ ಹೇಳುತ್ತಾರೆ. ಮೊಗಸಾಲೆಯಲ್ಲಿ ಅಜ್ಜಿ ಸರ್ಜನ್ನರ ಎರಡೂ ಕೈ ಹಿಡಿದು ಅಳುತ್ತಾ ನಗುತ್ತಾಳೆ. ತೊಳೆದ ತಟ್ಟೆ ಹಿಡಿದ ಅಕ್ಕ ಪಕ್ಕದಲ್ಲೇ ಹಾದುಹೋಗುತ್ತಾರೆ. ಅಜ್ಜಿ ಕಾಲು ಮಡಚಿ ದಾರಿ ಬಿಡುತ್ತಾಳೆ, ಅಷ್ಟೇ.

ಬೇಜಾರಾಗಲಿಲ್ಲವೇ?

"ಯಾಕೆ ಬೇಜಾರು? ಆಕೆಯ ಮೊಮ್ಮಗು ಪಕ್ಕದಲ್ಲಿ ನನ್ನ ಅಪೆಂಡಿಕ್ಸ್ ಕೂತಿದೆ. ಒಂದು ಲೆಕ್ಕಕ್ಕೆ ನೆಂಟಸ್ತಿಕೆ!"

ಮತ್ತೆ ಫೋನು. ಅತ್ತೆಯೇ. ಈ ಸಲ ದನಿ ತಗ್ಗಿದೆ. "ಆ ಕೂಸಿಂದು ಏನಾಯ್ತೇ?"

"ನರ ಇದೆ ಅತ್ತೆ. ಕೊಯ್ಯಲ್ವಂತೆ. ಆದ್ರೆ ಆ ಗ್ಯಾಸ್ಕೆಟ್ ಮನೆಗೆ ತರೋ ಹಾಗಿಲ್ಲ, ಇಲ್ಲಿ ಬಳಸಿದ್ದು ಅಡುಗೆಗೆ ಆಗಲ್ಲ."



"ಅಲ್ಲೇ ಇರ್ಲಿ ಬಿಡು," ಎನ್ನುತ್ತಾರೆ ಅತ್ತೆ. "ನಮ್ಮನೇದು ಜೋರಾಗಿ ಕೂಗತ್ತೆ."