ಕಾಪುವಿನಲ್ಲಿ ಪರರ ಕೆರೆಯ ಸ್ನಾನ

ದಾವಣಗೆರೆಯಿಂದ ಹೊರಟು, ಆಗುಂಬೆ ಘಾಟಿ ಇಳಿದು, ನಾನೂ ಹೆಂಡತಿ ಶಾರದೆಯೂ ಉಡುಪಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಊಟ ಮುಗಿಸಿ, ಕಿಕ್ಕಿರಿದ ಖಾಸಗಿ ಬಸ್ಸಿನಲ್ಲಿ ಎಂಟು ಮೈಲಿ ದಕ್ಷಿಣಕ್ಕಿರುವ ಕಾಪುವಿಗೆ ಹೋದೆವು. ಮೇ ತಿಂಗಳ ಸೆಕೆಗೆ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ನಾವಿಳಿದ ವಸತಿಗೃಹದ ಬಾವಿನೀರು ಬರೀ ಉಪ್ಪು. ಮಾಲೀಕ ವಾಸಣ್ಣನನ್ನು ಕೇಳಿದೆ.

“ಬೇಸಿಗೆಯಲ್ಲಿ ಹೀಗೆಯೇ ಮಾರಾಯ್ರೆ, ಎಂತ ಮಾಡುವುದು? ಆಚೆಯ ಗೆಸ್ಟ್ ಹೌಸಿನಲ್ಲಿ ಒಳ್ಳೆಯ ಕೆರೆ ಉಂಟು. ಬೆಳಿಗ್ಗೆ ಅಲ್ಲಿ ಸ್ನಾನ ಮಾಡಿ,” ಎಂದ. ಆಮೇಲೆ ದನಿ ತಗ್ಗಿಸಿ, “ಯಾರಾದರೂ ಕೇಳಿದರೆ ಅಲ್ಲೇ ಇಳಿದವರು ಅಂತ ಹೇಳಿ,” ಎಂದು ಸೇರಿಸಿದ.

ಒಪ್ಪಿಗೆ ಇದ್ದರೆ ಸುಳ್ಳೇಕೆ? ಆ ಮನುಷ್ಯನ ನಗುವೂ ನನಗೆ ಸರಿಕಾಣಲಿಲ್ಲ. “ನಿಮಗೆ ಎಲ್ಲರ ಮೇಲೂ ಅನುಮಾನ,” ಎಂದಳು ಶಾರದೆ. ಆದರೆ ಮೈಯ ಬೆವರು ವಾದಕ್ಕೆ ಬಗ್ಗಲಿಲ್ಲ. ಬೆಳಿಗ್ಗೆ ಟವೆಲ್ ಹಿಡಿದು ಹೊರಟೆವು.

ಆ ಕಡೆಯ ಕೆಂಪು ಮುರಕಲ್ಲಿನಲ್ಲಿ ಕಟ್ಟಿದ ಚೌಕಾಕಾರದ ಕೆರೆ; ಆಚೆ ಬದಿಯಲ್ಲಿ ನೀರಿನ ಮೇಲೆ ಬಾಗಿದ ಕೇದಗೆ ಪೊದೆ. ಮೇಲಿನ ಮೆಟ್ಟಿಲಲ್ಲಿ ಮಡಿಸಿಟ್ಟ ಧೋತರ, ಅದರ ಮೇಲೊಂದು ಕನ್ನಡಕ. ನೀರಿನಲ್ಲಿ ಯಾರೂ ಕಾಣಲಿಲ್ಲ.

“ನೀವು ಯಾವ ಕೋಣೆಯವರು?” ಗೆಸ್ಟ್ ಹೌಸಿನ ಮೇಲ್ವಿಚಾರಕಿ ಲಿಲ್ಲಿಬಾಯಿ ಜಗಲಿಯಿಂದ ಇಳಿದು ಬಂದರು.

“ಮೂರನೆಯದು,” ಎಂದೆ.

“ಮೂರರಲ್ಲಿ ಇರುವುದು ನಾನು.”

ನನ್ನ ಮುಖ ಬಿಸಿಯಾಯಿತು. ಶಾರದೆ ನಿಜ ಹೇಳಿಬಿಟ್ಟಳು. ಲಿಲ್ಲಿಬಾಯಿ ಬಯ್ಯುವ ಮೊದಲೇ ಧೋತರದತ್ತ ನೋಡಿ, “ಅದು ಯಾರದ್ದು? ನಮ್ಮಲ್ಲಿ ಈಗ ಒಬ್ಬರೂ ಇಳಿದಿಲ್ಲ,” ಎಂದರು.

ಆ ಕನ್ನಡಕ ನನಗೆ ಗುರುತು ಸಿಕ್ಕಿತು. ನಮ್ಮ ಪಕ್ಕದ ಕೋಣೆಯ ನಿವೃತ್ತ ಮಾಸ್ತರ ಗುರಪ್ಪನವರದು. “ಮಾಸ್ತರೇ!” ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದಾಗ ಪೊದೆಯ ಕೆಳಗೆ ನೀರು ಅಲುಗಿತು.

ಅಂಗಿ ತೆಗೆಯದೆ ಧುಮುಕಿದೆ. ಕತ್ತಿನವರೆಗೆ ಮುಳುಗಿ, ಕೇದಗೆಯ ಬೇರು ಹಿಡಿದು ನೇತಾಡುತ್ತಿದ್ದರು ಮುದುಕರು. ತುಟಿ ನೀಲಿಗಟ್ಟಿತ್ತು. ಲಿಲ್ಲಿಬಾಯಿ ಬಾವಿಹಗ್ಗ ಎಸೆದರು. ಮೂವರೂ ಸೇರಿ ಮೇಲಕ್ಕೆಳೆದೆವು.

“ಕಾಲು ಸೆಟೆದುಕೊಂಡಿತು,” ಎಂದರು ಅವರು, ಹಲ್ಲು ಕಟಕಟಿಸುತ್ತ. “ಈ ತಾಯಿಯ ದನಿ ಕೇಳಿಸಿತು. ಕೂಗಿದರೆ ಕಳ್ಳನಂತೆ ಸಿಕ್ಕಿಬೀಳುತ್ತೇನೆ ಅಂತ ಸುಮ್ಮನಿದ್ದೆ.”

ಲಿಲ್ಲಿಬಾಯಿ ತಮ್ಮ ಶಾಲನ್ನೇ ಅವರಿಗೆ ಹೊದಿಸಿ ಬಿಸಿ ಕಾಫಿ ತಂದರು. “ನೀರು ಕೊಡಲಿಕ್ಕೆ ನನಗೆ ಬೇಸರ ಇಲ್ಲ. ಕೆರೆಗೆ ಇಳಿದವರು ಯಾರು ಅಂತಲೇ ಗೊತ್ತಿಲ್ಲದಿದ್ದರೆ ನಾನು ಯಾರನ್ನು ಹುಡುಕಲಿ?” ಎಂದರು. ಮಾಸ್ತರರನ್ನೂ ಹೀಗೆಯೇ ಕಳಿಸಿದ್ದ ವಾಸಣ್ಣನ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು.

“ಏನೂ ಆಗಲಿಲ್ಲ ಅಲ್ವಾ?” ಎಂದು ನಕ್ಕ ಅವನು, ನಾವು ವಸತಿಗೃಹಕ್ಕೆ ಮರಳಿ ನಡೆದುದನ್ನು ಹೇಳಿದಾಗ. “ಇನ್ನು ಕೇಳಿಯೇ ಕಳಿಸುತ್ತೇನೆ, ದೇವರಾಣೆ.”

ಮರುದಿನ ಕಾರ್ಕಳಕ್ಕೆ ಹೋಗಲು ಉಡುಪಿಯ ಬಸ್ಸು ಹತ್ತಿದೆವು. ಗೆಸ್ಟ್ ಹೌಸಿನ ದಾರಿಯ ತಿರುವಿನಲ್ಲಿ, ಹೆಗಲಿಗೆ ಟವೆಲ್ ಹಾಕಿದ ಗಂಡಹೆಂಡಿರಿಬ್ಬರು ಅತ್ತಿತ್ತ ನೋಡುತ್ತ ನಡೆಯುತ್ತಿದ್ದರು. ನಾನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, “ಹೆಸರು ಹೇಳಿಯೇ ನೀರಿಗಿಳಿಯಿರಿ!” ಎಂದು ಕೂಗಿದೆ. ಹೆಂಗಸು ಬೆಚ್ಚಿ ತಿರುಗಿ, ಟವೆಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು.