ನುಣುಪಿಗೆ ಬೆಚ್ಚಿದ ಏನಿದಕ್ಕ

ಬೆಳಗಿನ ಆರು ಗಂಟೆ. ಕಲ್ಲು ಕೊಯ್ಯುವ ಅಂಗಳದಲ್ಲಿ ಯಂತ್ರಗಳು ಇನ್ನೂ ಬಾಯಿ ತೆರೆದಿಲ್ಲ. ಹಿಂಬದಿಯ ತಗಡಿನ ಮಾಡಿನ ಕೆಳಗೆ ಅರವತ್ತೊಂದು ವರ್ಷದ ಹೆಂಗಸೊಬ್ಬರು ಎಡಗೈಯೊಂದರಲ್ಲೇ ಹಗ್ಗದ ಗಂಟು ಬಿಚ್ಚುತ್ತಿದ್ದಾರೆ. ಬಲಗೈ ಮಣಿಕಟ್ಟಿಗೆ ಪಟ್ಟಿ ಬಿಗಿದಿದೆ. ಶಸ್ತ್ರಚಿಕಿತ್ಸೆಯಾಗಿ ಆರು ವಾರ, ಕೆಲಸದ ಜಾಗಕ್ಕೆ ಬಂದಿರುವುದು ಇವತ್ತೇ. ಗಂಟು ಬಿಚ್ಚಿಕೊಳ್ಳುತ್ತದೆ, ಟಾರ್ಪಾಲು ಜಾರುತ್ತದೆ. ಒಳಗಿದ್ದ ಕಲ್ಲಿನಲ್ಲಿ ಅವರಿಗೆ ಅವರದೇ ಮುಖ ಕಾಣುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಆಹಾ ಎನ್ನುತ್ತಿದ್ದರು. ಇವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ತಪ್ಪು ಮನೆಯ ಬಾಗಿಲು ತೆರೆದವರ ಹಾಗೆ ಟಾರ್ಪಾಲನ್ನು ಎತ್ತಿ ಮತ್ತೆ ಮುಚ್ಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ. ಮುಖ ಅಲ್ಲೇ ಇದೆ.

"ಮೊದಲು ಬೇರೆ ಯಾವುದೋ ಕಲ್ಲು ತಂದಿಟ್ಟಿದ್ದಾರೆ ಅಂದ್ಕೊಂಡೆ. ಆಮೇಲೆ ಬುಡದಲ್ಲಿ ಆ ಬಿಳಿ ಗೆರೆ ಕಾಣಿಸ್ತು. ಅದು ಕಲ್ಲು ಹುಟ್ಟುವಾಗಲೇ ಬಂದ ಗೆರೆ. ಆಗ ನನ್ನದೇ ಅಂತ ಗೊತ್ತಾಯ್ತು," ಎನ್ನುತ್ತಾರೆ. ಎರಡು ವರ್ಷ ನಾಲ್ಕು ತಿಂಗಳು ಆ ಕಲ್ಲಿನ ಮೈಮೇಲೆ ಅವರು ಇಟ್ಟ ಒಂದೊಂದು ಉಳಿಪೆಟ್ಟೂ ಅಳಿಸಿಹೋಗಿತ್ತು. ಕೈ ಇಟ್ಟರೆ ಎಣ್ಣೆ ಸವರಿದಂತೆ ಜಾರುತ್ತಿತ್ತು.

ಅಂಗಳದವರು ಅವರನ್ನು ಕರೆಯುವುದು ಏನಿದಕ್ಕ ಎಂದು. ಮೂವತ್ತೆಂಟು ವರ್ಷಗಳಿಂದ ಕಲ್ಲು ಕೆತ್ತುತ್ತಿದ್ದಾರೆ. ಅವರ ಕಲ್ಲಿನಲ್ಲಿ ದೇವರಿಲ್ಲ, ದೊರೆಯಿಲ್ಲ, ಕುದುರೆಯೂ ಇಲ್ಲ. ನೋಡಿದವರೆಲ್ಲ "ಏನಿದು ಅಕ್ಕ?" ಎಂದು ಕೇಳಿ ಕೇಳಿ ಪ್ರಶ್ನೆಯೇ ಹೆಸರಾಯಿತು. ಹೊಟ್ಟೆಪಾಡಿಗೆ ಮನೆಗಳ ಹೆಸರಿನ ಫಲಕ ಕೆತ್ತುತ್ತಾರೆ, ದಿನಕ್ಕೆ ಹದಿನಾಲ್ಕು ಅಕ್ಷರ. ಅದು ಮುಗಿದ ಮೇಲೆ ತಮ್ಮ ಕಲ್ಲು. ಜೊತೆಯಲ್ಲಿ ಬಾಳುವ ತಂಗಿ ಹೊಲಿಗೆಯವರು, ನಾಲಿಗೆಯೂ ಸೂಜಿಯಂಥದೇ. "ನಮ್ಮಕ್ಕನ ಕಲ್ಲಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಮನೆ ಬದಲಾಯಿಸುವಾಗ ತೂಕ ಮಾತ್ರ ಇರುತ್ತೆ" ಎನ್ನುತ್ತಾರೆ.

ಇಷ್ಟು ವರ್ಷದಲ್ಲಿ ಮನೆ ದಾಟಿ ಹೊರಗೆ ನಿಂತ ಕೃತಿಗಳು ಆರು. ಆರೂ ನುಣ್ಣಗಿನವು. ಒಂದು ಬ್ಯಾಂಕಿನ ಮೆಟ್ಟಿಲ ಬಳಿ ಇದೆ, ಜನ ಅದಕ್ಕೆ ಸೈಕಲ್ ಒರಗಿಸುತ್ತಾರೆ. ಅವರಿಗೆ ಬೇಸರವಿಲ್ಲ. "ಅದಕ್ಕಾದರೂ ಯಾರೋ ಒರಗ್ತಾರಲ್ಲ," ಎಂದು ನಗುತ್ತಾರೆ.

ಏಳನೆಯದು, ಅಂದರೆ ಈ ಕಲ್ಲು, ಹಾಗಲ್ಲ. ಅದನ್ನು ಕೇಳಿದ್ದು ಅಂಧ ಮಕ್ಕಳ ಶಾಲೆ. ಎದೆಮಟ್ಟದ ಎತ್ತರ, ಒಂದು ಟನ್ ತೂಕದ ಕಪ್ಪು ಕಲ್ಲು. ಮೊಣಕಾಲ ಹತ್ತಿರ ಮೊನಚು ಉಳಿಯ ಒರಟು ಗುಳಿಗಳು, ಅಲ್ಲಿಂದ ಉದ್ದ ಗೀರುಗಳು, ಆಮೇಲೆ ಅಡ್ಡಗೀರು, ಹೀಗೆ ಆರು ಬಗೆಯ ಗುರುತು ಬಳ್ಳಿಯಂತೆ ಸುತ್ತಿ ಸುತ್ತಿ ತುದಿಗೆ ಏರಬೇಕು. ತುದಿಯಲ್ಲಿ ಮರಳಿನಷ್ಟು ಸಣ್ಣ ಕಾಳು. ಕೆಳಗೆ ಕೈ ಇಟ್ಟ ಮಗುವನ್ನು ಕಲ್ಲೇ ಕೈ ಹಿಡಿದು ಮೇಲಕ್ಕೆ ಕರೆದೊಯ್ಯಬೇಕು. ಕಂಠಪಾಠದ ಪದ್ಯದಲ್ಲಿ ಒಂದು ಸಾಲಿನ ಕೊನೆ ಮುಂದಿನ ಸಾಲನ್ನು ತಾನೇ ಎಳೆದು ತರುವುದಿಲ್ಲವೇ, ಹಾಗೆ.

ಬುಡದಲ್ಲಿ ಎರಡು ಗೇಣಷ್ಟು ಕೆಲಸ ಉಳಿದಾಗ ಮಣಿಕಟ್ಟು ಕೈಕೊಟ್ಟಿತು. ಮೂರು ತಿಂಗಳು ಸುತ್ತಿಗೆ ಮುಟ್ಟುವ ಹಾಗಿಲ್ಲ ಎಂದರು ವೈದ್ಯರು. ಆಸ್ಪತ್ರೆಗೆ ಹೊರಟ ದಿನ ಅಕ್ಕ ಅಂಗಳದವರಿಗೆ ಒಂದೇ ಮಾತು ಹೇಳಿದ್ದರು, ಕಲ್ಲು ಇನ್ನೂ ಮುಗಿದಿಲ್ಲ ಎಂದು.

ಆ ಮಾತನ್ನು ಎದೆಗೆ ಹಚ್ಚಿಕೊಂಡವನು ಪಾಲಿಶ್ ಕೆಲಸದವನು. ಅವನ ಅಡ್ಡಹೆಸರು ಕನ್ನಡಿ. ಅವನು ಉಜ್ಜಿದ ನೆಲದಲ್ಲಿ ತಲೆ ಬಾಚಿಕೊಳ್ಳಬಹುದು ಎಂದು ಪ್ರತೀತಿ. ಅಕ್ಕನ ಹಿಂದಿನ ಎರಡು ಕಲ್ಲುಗಳಿಗೆ ನುಣುಪು ಕೊಟ್ಟವನೂ ಅವನೇ. ಆ ಅಂಗಳದಲ್ಲಿ ಉಳಿಯ ಗುರುತಿರುವ ಕಲ್ಲು ಎಂದರೆ ಪಾಲಿಶಿಗೆ ಕಾದಿರುವ ಕಲ್ಲು. ಬೇರೆ ಅರ್ಥವೇ ಇಲ್ಲ. ಪಾಳಿ ಮುಗಿದ ಮೇಲೆ ಸಂಜೆಗಳಲ್ಲಿ, ರಜೆಯ ದಿನಗಳಲ್ಲಿ, ಕೇಳದೆಯೇ ಹದಿನೇಳು ದಿನ ದುಡಿದು ಬೆರಳು ದಪ್ಪ ಕಲ್ಲು ಸವೆಸಿ ಅವನು ಅದನ್ನು ಮುಗಿಸಿದ್ದ.

ಅವತ್ತು ಎಂಟು ಗಂಟೆಗೆ ಅವನು ಬಂದದ್ದು ಹಬ್ಬದ ಮುಖ ಹೊತ್ತು. ಅಕ್ಕನ ಕಣ್ಣಲ್ಲಿ ನೀರು ಕಂಡು ಸಂತೋಷಕ್ಕೆ ಬಂದದ್ದು ಎಂದೇ ಭಾವಿಸಿದ. ದುಡ್ಡಿನ ಮಾತೆತ್ತಿದರೆ ಜಗಳವೇ ಆಗುತ್ತೆ ಎಂದು ಮೊದಲೇ ಗದರಿದ. ಏನಿದಕ್ಕ ಈಗ ನೆನೆಯುತ್ತಾರೆ: "ಬೈಯೋಣ ಅಂದ್ರೆ ಯಾರನ್ನ ಬೈಯೋದು? ನನ್ನ ಕೈ ಸೋತಿದೆ ಅಂತ ತನ್ನ ಕೈ ಸವೆಸಿದ್ದಾನೆ. ಅವನಿಗೆ ಚಹಾ ತರಿಸಿ ಕೊಟ್ಟೆ."

ಹತ್ತು ಗಂಟೆಗೆ ಶಾಲೆಯ ಸಂಗೀತದ ಮೇಷ್ಟ್ರು ಬಂದರು. ಅವರಿಗೂ ಕಣ್ಣಿಲ್ಲ. ಕಲ್ಲು ಸಾಗಿಸುವ ದಿನ ಗೊತ್ತುಮಾಡಿಕೊಂಡು ಹೋಗಲು ಬಂದವರು. ನಾಲ್ಕು ತಿಂಗಳ ಹಿಂದೊಮ್ಮೆ ಕಲ್ಲನ್ನು ಮುಟ್ಟಿ, ಅದರ ದಾರಿಯನ್ನು ಬಾಯಿಪಾಠದ ಹಾಗೆ ನೆನಪಿಟ್ಟವರು. ಏನಿದಕ್ಕ ವಿಷಯ ಹೇಳುವ ಮೊದಲೇ ಬಗ್ಗಿ ಮೊಣಕಾಲ ಮಟ್ಟದಲ್ಲಿ ಕೈ ಇಟ್ಟರು. ಕೈ ಒಂದು ಸುತ್ತು ಹೋಗಿ ಬಂತು. ಇನ್ನೊಂದು ಸುತ್ತು ಹೋಗಿ ಬಂತು. ಕಳೆದುಹೋದ ಬಾಗಿಲನ್ನು ಗೋಡೆಯುದ್ದಕ್ಕೂ ತಡವುವಂತೆ ತಡವಿತು.

"ಅಮ್ಮ, ಇಲ್ಲಿ ಏನೂ ಇಲ್ಲ," ಎಂದರು.

ಕನ್ನಡಿ ಚಹಾದ ಲೋಟ ಹಿಡಿದು ನಿಂತಿದ್ದ. ಇಡೀ ಕಲ್ಲು ಇದೆಯಲ್ಲ ಸಾರ್ ಎಂದ, ಸಣ್ಣ ದನಿಯಲ್ಲಿ.

"ಕಲ್ಲಿದೆಯಪ್ಪ. ಓದೋಕೆ ಏನೂ ಇಲ್ಲ."

ಅಷ್ಟಾದ ಮೇಲೆ ಏನಿದಕ್ಕ ಎಲ್ಲವನ್ನೂ ಹೇಳಬೇಕಾಯಿತು. ಕನ್ನಡಿ ಕೇಳಿಸಿಕೊಂಡ. ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ತಾನೇ ಉಜ್ಜಿದ ಮೈಯನ್ನು ತಾನೇ ತಡವಿದ. ಇಪ್ಪತ್ತಾರು ವರ್ಷ ನುಣುಪನ್ನೇ ಹುಡುಕಿದ ಕೈ ಮೊದಲ ಬಾರಿಗೆ ಗೀರೊಂದನ್ನು ಹುಡುಕುತ್ತಿತ್ತು. ಸಿಗಲಿಲ್ಲ. ಯಾರಿಗೂ ಹೇಳದೆ ಮನೆಗೆ ಹೊರಟುಹೋದ.

ಶಾಲೆಯವರು ಐದು ವಾರ ಕಾಯಬಲ್ಲರು. ಆಮೇಲೆ ಶಾಲೆಯ ಅಂಗಳಕ್ಕೆ ಹಾಸುಗಲ್ಲು ಕೂರಿಸಿದರೆ ಒಂದು ಟನ್ ಒಳಗೆ ಒಯ್ಯಲು ದಾರಿಯಿರದು. ಐದು ವಾರದಲ್ಲಿ ಅಕ್ಕನ ಕೈ ಸುತ್ತಿಗೆ ಎತ್ತದು. ಶಾಲೆಯ ಕೆಲಸ ಬಿಟ್ಟುಕೊಡುವ ಪತ್ರವನ್ನು ತಂಗಿಯಿಂದ ಬರೆಸಿ ಚೀಲದಲ್ಲಿಟ್ಟುಕೊಂಡೇ ಮರುದಿನ ಬಂದರು. ತಗಡಿನ ಮಾಡಿನ ಕೆಳಗೆ ಕನ್ನಡಿ ಆಗಲೇ ಕೂತಿದ್ದ. ಕೈಯಲ್ಲಿ ಮೊನಚು ಉಳಿ.

"ಹೇಳ್ಕೊಡಿ ಅಕ್ಕ," ಎಂದ. "ಹಾಳು ಮಾಡೋದು ನನಗೆ ಬರಲ್ಲ."

ಮೊದಲ ಪೆಟ್ಟಿಗೆ ಇಬ್ಬರೂ ಬೆಚ್ಚಿದರು. ಥಳಥಳಿಸುವ ಕಪ್ಪಿನ ನಡುವೆ ಬಿಳಿಯ ಗಾಯವೊಂದು ಬಾಯ್ಬಿಟ್ಟಿತು. ಅಕ್ಕ ಕಣ್ಣು ಮುಚ್ಚಿಕೊಂಡರು. ಎರಡನೆಯ ಪೆಟ್ಟಿಗೆ ಅವನು ಹತ್ತು ನಿಮಿಷ ತೆಗೆದುಕೊಂಡ.

ಈಗ ಹತ್ತೊಂಬತ್ತನೆಯ ದಿನ. ಯಂತ್ರಗಳು ಎದ್ದೇಳುವ ಮುಂಚೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ ಕೆಲಸ. ಬೆಳಗಿಗೆ ಸರಾಸರಿ ಒಂಬೈನೂರು ಪೆಟ್ಟು. ಆರರಲ್ಲಿ ಮೂರು ಬಗೆಯ ಗುರುತು ಮುಗಿದಿದೆ. ಏನಿದಕ್ಕ ಸೀಮೆಸುಣ್ಣದಲ್ಲಿ ದಾರಿ ಬರೆಯುತ್ತಾರೆ, ಕಣ್ಣು ಮುಚ್ಚಿ ಎಡಗೈಯಲ್ಲಿ ತಡವುತ್ತಾರೆ, ಇಲ್ಲಿ ಅವಸರ ಮಾಡಿದ್ದೀಯ, ಇಲ್ಲಿ ಹೆದರಿದ್ದೀಯ ಎನ್ನುತ್ತಾರೆ. ಹೆದರಿದ್ದು ಬೆರಳಿಗೆ ಹೇಗೆ ಗೊತ್ತಾಗುತ್ತೆ ಎಂದು ಅವನಿಗೆ ಇವತ್ತಿಗೂ ಸೋಜಿಗ. ಅವನ ಗೀರುಗಳು ಅಕ್ಕನ ಗೀರುಗಳಷ್ಟು ನೇರವಿಲ್ಲ. ಎರಡನೆಯ ಸುತ್ತಿನಲ್ಲಂತೂ ಒಂದು ಸಾಲು ದಾರಿ ತಪ್ಪಿ ಹೋಗಿ, ಏನೋ ನೆನಪಾದಂತೆ ತಿರುಗಿ ಬಂದಿದೆ. ತೀಡಿ ಸರಿಮಾಡಲೇ ಎಂದು ಅವನು ಕೇಳಿದ್ದಕ್ಕೆ ಅಕ್ಕ ಬೇಡವೆಂದರು.

ಅವನ ಹಗಲಿನ ಕೆಲಸಕ್ಕೆ ಮಾತ್ರ ಗ್ರಹಚಾರ ಹಿಡಿದಿದೆ. ಮೊನ್ನೆ ಮಧ್ಯಾಹ್ನ ಯಂತ್ರ ನಿಲ್ಲಿಸಿ ಅಕ್ಕನ ಬಳಿ ಬಂದು, ಈ ಕಲ್ಲನ್ನು ಉಜ್ಜಲು ಯಾಕೋ ಮನಸ್ಸೇ ಬರ್ತಿಲ್ಲ ಎಂದನಂತೆ. "ಅದು ಅಡುಗೆಮನೆ ಕಟ್ಟೆಯಪ್ಪ, ಉಜ್ಜು. ಇಲ್ಲದಿದ್ರೆ ಅದರ ತುಂಬ ಹಿಟ್ಟು ಕೂರುತ್ತೆ" ಎಂದು ಗದರಿ ಕಳಿಸಿದ್ದಾರೆ.

ಕಲ್ಲು ಶಾಲೆ ಸೇರುವ ದಿನ ಭಾಷಣ ಬೇಡವೆಂದು ಮೇಷ್ಟ್ರಿಗೆ ಹೇಳಿಯಾಗಿದೆ. ಮತ್ತೇನು ಆಸೆ ಎಂದು ಕೇಳಿದರೆ ಏನಿದಕ್ಕ ಮಣಿಕಟ್ಟಿನ ಪಟ್ಟಿಯನ್ನು ಸಡಿಲಿಸುತ್ತಾರೆ.

"ಒಂದು ಮೂಲೇಲಿ ಕೂತ್ಕೋತೀನಿ. ಯಾವುದಾದ್ರೂ ಒಂದು ಮಗೂನ ಕೈ ಹೋಗ್ತಾ ಹೋಗ್ತಾ ಒಂದು ಕಡೆ ನಿಲ್ಲಬೇಕು. ನಿಂತು, ಮತ್ತೆ ಹಿಂದಕ್ಕೆ ಬಂದು, ಅದನ್ನೇ ಇನ್ನೊಂದು ಸಲ ಮುಟ್ಟಬೇಕು. ಅಷ್ಟು ನೋಡಿದ್ರೆ ಸಾಕು. ಅದು ಕನ್ನಡಿ ದಾರಿ ತಪ್ಪಿದ ಸಾಲೇ ಆಗಿದ್ರೂ ಸರಿ."